ಸಭೆಯಲ್ಲಿ ಓದಿದ ಅಧ್ಯಾಯ

ನಗರಸಭೆಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ಅಕ್ಕನಿಗೂ ಅದೇ ನಗರಸಭೆಯ ಸದಸ್ಯನಾಗಿದ್ದ ತಮ್ಮನಿಗೂ ಸರ್ಕಾರದ ಖರ್ಚಿನ ಮಾತು ಬಂದರೆ ಎಣ್ಣೆ ಸೀಗೆಕಾಯಿ. ಜನರ ತೆರಿಗೆ ದುಡ್ಡನ್ನು ನೀರಿನಂತೆ ಚೆಲ್ಲಬಾರದೆಂಬುದು ಅವನ ನಂಬಿಕೆ, ಪ್ರಾಮಾಣಿಕ ನಂಬಿಕೆಯೇ. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ತಾನೇ ಎದ್ದು ಹೋಗಿ ಆರಿಸುವವನು. ಊರಿನವರ ಬಾಯಲ್ಲಿ ಅವನು ಬಿಗಿಮುಷ್ಟಿ.

ಹಾಸಿಗೆ ಹಿಡಿದವರ ಮನೆಗೆ ನಗರಸಭೆಯ ಖರ್ಚಿನಲ್ಲಿ ದಾದಿಯರನ್ನು ಕಳಿಸುವ ಪ್ರಸ್ತಾಪ ಬಂದಾಗ ಅಕ್ಕ ಮನೆಮನೆ ಅಲೆದು ಬೆಂಬಲ ಕೇಳಿದಳು. ತಮ್ಮ ಟೊಂಕ ಕಟ್ಟಿ ವಿರೋಧಕ್ಕೆ ನಿಂತ. ಈಗಾಗಲೇ ಎಷ್ಟು ಪೋಲಾಗುತ್ತಿದೆ ಎಂದು ತೋರಿಸಲು ಅವನಿಗೆ ಸಿಕ್ಕಿದ್ದು ಅಕ್ಕ ಗ್ರಂಥಾಲಯಕ್ಕೆ ತರಿಸಿದ್ದ ಒಂದು ಕಾದಂಬರಿ. ಅದನ್ನು ಓದಿ ನಿದ್ದೆಗೆಟ್ಟವರು ದೂರು ಕೊಟ್ಟಿದ್ದರು.

ಸಭೆಯ ದಿನ ಜನ ಕಿಕ್ಕಿರಿದಿದ್ದರು. ಇಂಥ ಹೊಲಸಿಗೆ ಸುರಿಯುವವರ ಕೈಗೆ ಇನ್ನಷ್ಟು ದುಡ್ಡು ಕೊಡಬೇಕೇ ಎಂದು ಕೇಳಿ, ಅವನು ಆಯ್ದ ಅಧ್ಯಾಯವನ್ನು ಗಟ್ಟಿಯಾಗಿ ಓದತೊಡಗಿದ. ಅದರಲ್ಲಿ ಮಗಳೊಬ್ಬಳು ವರ್ಷಗಟ್ಟಲೆ ತಾಯಿಯ ಹುಣ್ಣು ತೊಳೆಯುತ್ತಾಳೆ. ಒಂದು ಮಧ್ಯಾಹ್ನ ತಾಯಿ ನೀರು ಕೇಳುತ್ತಾಳೆ. ಮಗಳು ಲೋಟ ತುಂಬಿಸಿ, ತಾಯಿಯ ಕೈಗೆ ಎಟುಕದಷ್ಟು ದೂರದಲ್ಲಿ ಇಟ್ಟು, ಬಾಗಿಲೆಳೆದುಕೊಂಡು ಹೊರಟುಬಿಡುತ್ತಾಳೆ.

ಜನ ಛೀ ಥೂ ಅನ್ನುತ್ತಾರೆಂದು ಅವನು ಕಾದಿದ್ದ. ಅವರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಓದುತ್ತ ಓದುತ್ತ ಅವನ ದನಿಯೇ ಕುಗ್ಗಿತು.

ಹಿಂದಿನ ಸಾಲಿನಿಂದ ಬಸ್ ಡ್ರೈವರೊಬ್ಬ ಎದ್ದ. ಅವನ ಹೆಂಡತಿಗೆ ಸೊಂಟದ ಕೆಳಗೆ ಸ್ವಾಧೀನವಿರಲಿಲ್ಲ.

"ನಾನೂ ಒಂದಿನ ಹಾಗೇ ಬಾಗಿಲು ಎಳ್ಕೊಂಡು ಹೊರಟಿದ್ದೆ ಸಾರ್," ಎಂದ. "ಕೆಟ್ಟವನಾಗಿ ಅಲ್ಲ, ಸಾಕಾಗಿತ್ತು. ಬೀದಿ ತಿರುವಿನ ತನಕ ಹೋಗಿ ವಾಪಸ್ ಬಂದೆ. ನಾಳೆನೂ ವಾಪಸ್ ಬರ್ತೀನಿ ಅನ್ನೋ ಧೈರ್ಯ ನನಗಿಲ್ಲ."

ಕುಳಿತಲ್ಲಿಂದಲೇ ಒಬ್ಬ ಹೆಂಗಸು ತನ್ನದೂ ಅದೇ ಕಥೆ ಎಂದಳು. ಅವಳ ಹಿಂದೆ ಇನ್ನೊಬ್ಬಳು. ಅಧ್ಯಕ್ಷರು ಮೇಜು ತಟ್ಟುವುದನ್ನೇ ಮರೆತು ಕೇಳುತ್ತ ಕೂತರು.

ಮತಕ್ಕೆ ಹಾಕಿದಾಗ ಸದಸ್ಯರ ಕೈಗಳು ಒಂದೊಂದಾಗಿ ಮೇಲೆದ್ದವು, ಕೊನೆಗೆ ಬಿಗಿಮುಷ್ಟಿಯ ಪಕ್ಕದಲ್ಲಿ ಕೂತವರೂ ಕೈ ಎತ್ತಿದರು. ಅವನು ಮಾತ್ರ ವಿರೋಧಿಸಿದ. ಪ್ರಸ್ತಾಪ ಗೆದ್ದಿತು.

ಹೊರಗೆ ಪಡಸಾಲೆಯಲ್ಲಿ ಅವನು ಅಕ್ಕನ ಬಳಿ ಬಂದ. ಪುಸ್ತಕ ಇನ್ನೂ ಕೈಯಲ್ಲೇ ಇತ್ತು.

"ಇದು ನಮ್ಮ ಕೈ ಮೀರಿದ ಖರ್ಚು ಅಂತ ಈಗಲೂ ಹೇಳ್ತೀನಿ ಅಕ್ಕಾ. ಅದಿರಲಿ, ಆ ಹುಡುಗಿ ವಾಪಸ್ ಬರ್ತಾಳಾ?"

"ಅದೊಂದೇ ಅಧ್ಯಾಯ ಓದಿದ್ಯಾ? ಪೂರ್ತಿ ಓದು. ನಿನಗೆ ಖರ್ಚೇನಿಲ್ಲ, ಪುಕ್ಕಟೆ."

ಅವನಿಗೂ ನಗು ತಡೆಯಲಾಗಲಿಲ್ಲ.

ಮೆಟ್ಟಿಲ ಮೇಲೆ ಡ್ರೈವರು ಫೋನಿನಲ್ಲಿ ಹೆಂಡತಿಗೆ, "ಗೆದ್ವಿ ಕಣೇ, ಗೆದ್ವಿ," ಎಂದು ಹೇಳುತ್ತಿದ್ದ. ಆಕೆಗೆ ನಂಬಿಕೆ ಬರಲಿಲ್ಲವೋ ಏನೋ, ಅವನು ಫೋನನ್ನು ಅಕ್ಕನ ಕೈಗಿತ್ತ. ಹೌದಮ್ಮಾ, ನಿಜ, ಎಂದು ಅಕ್ಕ ಇಡೀ ಬೀದಿಗೆ ಕೇಳುವಂತೆ ಹೇಳಿದಳು.