ಕೇರಿಯ ಕಡೆಯ ಬಾಗಿಲು

ಸುಮಂಗಲಾ ಟೀಚರಿಗೆ ಆ ಬಾಗಿಲನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಬಬಲೇಶ್ವರದ ಹಾದಿಯಲ್ಲಿರುವ ತನ್ನೂರಿನ ಪ್ರಾಥಮಿಕ ಶಾಲೆಗೇ ಮುಖ್ಯೋಪಾಧ್ಯಾಯಿನಿಯಾಗಿ ಬಂದವಳು ಆಕೆ. ಶಾಲೆಗೆ ಗುಡಿಯ ಓಣಿಯ ಕಡೆ ದೊಡ್ಡ ಮುಂಬಾಗಿಲಿದೆ, ಕಮಾನು ಗಿಮಾನು ಎಲ್ಲ ಇದೆ. ಅದನ್ನು ಬಿಟ್ಟು, ಒಂದನೆಯ ತರಗತಿಗೆ ಸೇರುವ ಪ್ರತಿ ಮಗುವನ್ನೂ ಮೊದಲ ದಿನ ಹಿಂದಿನ ಸಣ್ಣ ಬಾಗಿಲಿನಿಂದಲೇ ಒಳಗೆ ಕರೆತರುವುದು ಊರಿನ ಪದ್ಧತಿ. ಗೌಡರ ಮಗುವಾದರೂ ಅಷ್ಟೇ, ಕೂಲಿಯವರ ಮಗುವಾದರೂ ಅಷ್ಟೇ. ಯಾಕೆಂದು ಕೇಳಿದರೆ “ಮೊದಲಿಂದ ಹಂಗ ಐತ್ರಿ” ಅನ್ನುತ್ತಾರೆ. ಮೊದಲಿನಿಂದ ಇದ್ದದ್ದೆಲ್ಲ ಒಳ್ಳೆಯದೇ ಇರುತ್ತದೇನು?

ಆ ಬಾಗಿಲು ತೆರೆಯುವುದು ಸುಮಂಗಲಾ ಹುಟ್ಟಿ ಬೆಳೆದ ಕೇರಿಗೆ. ಕೇರಿಯವರನ್ನು ಊರು ಒಂದು ಕಾಲಕ್ಕೆ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ತನ್ನವರನ್ನು ಕದ್ದುಮುಚ್ಚಿ ಒಳಗೆ ಬಿಟ್ಟುಕೊಳ್ಳಲು ಮಾಡಿದ ಕಿಂಡಿಯಿದು ಎಂದೇ ಆಕೆ ತಿಳಿದಿದ್ದಳು. ಚಿಕ್ಕವಳಿದ್ದಾಗ ತಾನೂ ತಲೆ ತಗ್ಗಿಸಿಕೊಂಡೇ ಅದರಲ್ಲಿ ಹಾದು ಬಂದಿದ್ದಳು. ಅವಮಾನದ ಗುರುತಿಗೆ ಆರತಿ ಎತ್ತುವುದೊಂದು ಬಾಕಿ! ಶಾಲೆಯ ದುರಸ್ತಿ ನಡೆದಿತ್ತು. ಇದೇ ಸಂದರ್ಭವೆಂದು ಗೌಂಡಿ ಅಯೂಬನಿಗೆ ಇಟ್ಟಂಗಿ ತರಿಸಿಕೊಟ್ಟು, ಬಾಗಿಲು ಮುಚ್ಚಿಬಿಡಲು ಹೇಳಿದಳು.

ಅವನು ಮೊದಲ ಸಾಲು ಇಡುವಷ್ಟರಲ್ಲಿ ಸುದ್ದಿ ಕೇರಿಗೆ ಮುಟ್ಟಿತು. ಸುಮಂಗಲಾಳ ದೊಡ್ಡವ್ವ, ಅವ್ವನ ಅಕ್ಕ ಪರಸವ್ವ ಕೋಲೂರಿಕೊಂಡು ಬಂದೇಬಿಟ್ಟಳು. ಕೇರಿಯಿಂದ ಈ ಶಾಲೆಗೆ ಬಂದ ಮೊದಲ ಹುಡುಗಿ ಆಕೆ. ಈಗಲೂ ಆಕೆಯ ಬಾಯಿಗೆ ಊರೇ ಹೆದರುತ್ತದೆ, ಹೆದರಬೇಕಾದದ್ದೇ. ಬಂದವಳು ಹಸಿ ಸಿಮೆಂಟು ಸೀರೆಗೆ ಹತ್ತಿದರೂ ಲೆಕ್ಕಿಸದೆ ಇಟ್ಟಂಗಿಯ ಮೇಲೆ ಕೂತಳು.

“ಇನ್ನ ಕಟ್ಟಪಾ ಅಯೂಬ. ನನ್ನೂ ಸೇರಿಸಿ ಕಟ್ಟು.”

“ಏಳ ಬೇ ದೊಡ್ಡವ್ವಾ. ನಮ್ಮನ್ನ ಹಿಂದಿನಿಂದ ಒಳಗ ಬಿಟ್ಟಿದ್ದು ಸಾಕು,” ಅಂದಳು ಸುಮಂಗಲಾ.

“ಹಿಂದಿನಿಂದ ಬಿಟ್ರಂತ ನಿನಗ ಯಾರ ಹೇಳ್ಯಾರ? ಗುಡಿ ಓಣ್ಯಾಗ ನಮಗ ಕಾಲಿಡಾಕ ಬಿಡ್ತಿರಲಿಲ್ಲ, ಖರೆ. ಅದಕ್ಕ ನಮ್ಮಪ್ಪ ಭಾಗಪ್ಪ ಹಾಡಹಗಲ ಕಬ್ಬಿಣದ ಹಾರಿ ತಗೊಂಡು ಈ ಗ್ವಾಡಿ ಒಡದ. ವಿಜಾಪುರದ ವತ್ಸಲಾಬಾಯಿ ಅಕ್ಕೋರು ಆಗ ಇಲ್ಲಿ ಕಲಸ್ತಿದ್ರು. ಅವ್ರು ಬೈತಾರಂತ ಎಲ್ಲಾರೂ ಕಾಯಾಕತ್ತಿದ್ರ, ಆ ತಾಯಿ ಹೋಗಿ ಮುಂದಿನ ಬಾಗಲಕ್ಕ ಕೀಲಿ ಜಡದ್ರು! ‘ಇನ್ನ ಸಾಲಿಗೆ ಇದೊಂದ ಬಾಗಲ. ಯಾರ ಮಕ್ಕಳಾದ್ರೂ ಕೇರ್ಯಾಗ ಹಾದು ಬರ್ಲಿ’ ಅಂದ್ರು.”

“ಬಂದ್ರೇನು?”

“ಎಲ್ಲಿ ಬರ್ತಾರ! ಅಕ್ಕೋರನ್ನ ಬದಲಿ ಮಾಡಸಾಕ ಓಡ್ಯಾಡಿದ್ರು. ಅಕ್ಕೋರು ಕೀಲಿ ತಗೀಲಿಲ್ಲ, ನಮ್ಮಪ್ಪ ಬಾಗಲ ಬಿಟ್ಟು ಸರೀಲಿಲ್ಲ. ಕಡೀಕ ಗೌಡ್ರ ಹೆಂಡತಿ ಮಗ ಸಂಗಣ್ಣನ ಕೈ ಹಿಡಕೊಂಡು ನಮ್ಮ ಮನಿ ಮುಂದ ಹಾದು ಬಂದ್ಲು. ಅವ ನನ್ನ ಮಗ್ಗಲಕ ಕುಂತ, ಮೂಗ ಸುರಸಗೋತ. ಮುಂದ ಆ ಕೀಲಿ ತಗದ್ರೂ, ಆವತ್ತಿಂದ ಹೊಸಾ ಮಕ್ಕಳು ಮೊದಲ ದಿನ ಹಿಂಗ ಬರ್ತಾವ.”

ಸುಮಂಗಲಾ ಬಾಗಿಲ ಪಕ್ಕದ ಗೋಡೆಯ ಅಂಚನ್ನು ಮುಟ್ಟಿ ನೋಡಿದಳು. “ಇಷ್ಟ ದಿನ ಯಾಕ ಹೇಳಲಿಲ್ಲ ಬೇ?”

“ನೀ ಕೇಳಿದ್ದೇನು? ಸಾಲಿ ಕಲಿತಾಕಿ, ಎಲ್ಲಾ ಗೊತ್ತದ ಅಂದ್ಕೊಂಡಿದ್ದೆ.”

ತನ್ನಜ್ಜ ಒಡೆದ ಗೋಡೆಯನ್ನು ತಾನೇ ಕಟ್ಟಿಸಲು ಹೊರಟಿದ್ದಳಲ್ಲ! ದೊಡ್ಡವ್ವನನ್ನು ಕೈಹಿಡಿದು ಎಬ್ಬಿಸಿ, ಅಯೂಬನಿಗೂ ಕಾಯದೆ ಆಕೆ ಬಗ್ಗಿ ಇಟ್ಟಂಗಿ ಕೀಳತೊಡಗಿದಳು.

ರಜೆ ಮುಗಿದು ಶಾಲೆ ಶುರುವಾದ ದಿನ ಮುಂಬಾಗಿಲಿಗೆ ಸುಮಂಗಲಾಳೇ ಕೀಲಿ ಹಾಕಿದ್ದಳು. ಈಗ ಮುತ್ತಜ್ಜನಾಗಿದ್ದ ಸಂಗಣ್ಣಗೌಡರು ಮರಿಮಗನನ್ನು ಕರೆದುಕೊಂಡು ಕೇರಿಯಲ್ಲಿ ನಡೆದು ಬಂದರು. ಪರಸವ್ವ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂತೇ ಇದ್ದಳು.

“ಏ ಸಂಗಣ್ಣಾ, ಕೂಸಿನ ಮೂಗ ಒರಸೋ. ಥೇಟ್ ನಿನ್ನಂಗ ಆಗೇತಿ.”

ಗೌಡರು ನಗುತ್ತ ಒರೆಸಿದರು. ಸುಮಂಗಲಾ ಆ ಮಗುವಿನ ಕೈ ಹಿಡಿದು, ಈ ಸಲ ತಲೆಯೆತ್ತಿಕೊಂಡು, ತನ್ನಜ್ಜನ ಬಾಗಿಲಿನಿಂದ ಒಳಗೆ ನಡೆದಳು.