ಕೊಟ್ಟಿಗೆ ಸೇರಿದ್ದ ಕಪ್ಪು ಶೂ

ಹಳೇಕೋಟೆಯ ಲಕ್ಕಮ್ಮನದು ಒಂದೇ ಹಟ. ಒಳ್ಳೆಯ ಕೆಲಸಕ್ಕೆ ಹೊರಟರೆ ಮೈಮೇಲೆ ಹೊಸ ಬಟ್ಟೆ ಇರಬೇಕು, ಆ ಬಟ್ಟೆಯ ಮೂಲೆಗೆ ಅರಿಸಿನ ಮುಟ್ಟಿಸಿರಬೇಕು. ಮೊಮ್ಮಗಳು ಅನುಶ್ರೀ ಮೊದಲ ಸಲ ಓಟು ಹಾಕಲು ಹೋದಾಗಲೂ ಹಾಗೆಯೇ ಕಳಿಸಿದ್ದಳು. ಇನ್ನು ನರ್ಸ್ ಕೆಲಸದ ಇಂಟರ್‌ವ್ಯೂ ಅಂದರೆ ಕೇಳಬೇಕೇ?

ಹಾಸನದ ಒಂದು ಖಾಸಗಿ ಆಸ್ಪತ್ರೆಯಿಂದ ಕರೆ ಬಂದಿತ್ತು. ಸೋಮವಾರ ಬೆಳಿಗ್ಗೆ ಹಾಜರಿರಬೇಕು. ಲಕ್ಕಮ್ಮ ಶುಕ್ರವಾರವೇ ಬೀರು ತೆಗೆದು, ಜರಿ ಅಂಚಿನ ಹಸಿರು ರೇಷ್ಮೆ ಸೀರೆಯನ್ನು ಮಂಚದ ಮೇಲೆ ಹರಡಿದಳು. ಪಕ್ಕದಲ್ಲಿ ಗಾಜಿನ ಬಳೆ, ಗೆಜ್ಜೆ. ಎತ್ತರ ಹಿಮ್ಮಡಿಯ ಹೊಸ ಚಪ್ಪಲಿ ಕಚ್ಚದಿರಲಿ ಎಂದು ಅದರ ಪಟ್ಟಿಗೆ ಎಣ್ಣೆಯನ್ನೂ ಸವರಿದ್ದಳು.

"ಇಂಗ್ ಉಟ್ಕಂಡು ಬಾಗ್ಲಲ್ಲಿ ನಿಂತ್ರೆ ಲಕ್ಷ್ಮಿನೇ ಬಂದ್ಲು ಅನ್ಬೇಕು ಕಣಮ್ಮಿ!"

ಜಗುಲಿಯಿಂದ ಅನುಶ್ರೀಯ ಅಪ್ಪ ತಿಮ್ಮಪ್ಪ ಬಾಯಿ ಹಾಕಿದ. "ಲಕ್ಷ್ಮಿ ಬರಾದು ಇರ್ಲಿ ಕಣವ್ವ. ಈ ಸಲಾನೂ ಕೆಲ್ಸ ಸಿಗ್ನಿಲ್ಲ ಅಂದ್ರೆ ಹೊಳೆನರಸೀಪುರದ ಸೀರೆ ಅಂಗ್ಡಿಗೆ ಸೇರ್ಕಳ್ಲಿ. ನಾನು ಮಾತಾಡಿವ್ನಿ."

ಅನುಶ್ರೀ ಮಾತು ಕಡಿಮೆಯ ಹುಡುಗಿ. ನರ್ಸಿಂಗ್ ಓದಿ ಬಂದು ಮನೆಯಲ್ಲಿ ಕೂತಾಗಿನಿಂದ, ಕಲಿತ ಕೈ ಮರೆಯದಿರಲಿ ಎಂದು ಸಂಜೆ ಸಂಜೆ ಅಜ್ಜಿಯ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದಳು. ಆ ಕೈಯಲ್ಲಿ ಸೀರೆ ಮಡಿಸುತ್ತ ಕೂರಲು ಅವಳಿಗೆ ಮನಸ್ಸಿರಲಿಲ್ಲ. ಆದರೂ ಅಪ್ಪನಿಗೆ ಎದುರಾಡಲಿಲ್ಲ.

ಅಷ್ಟರಲ್ಲಿ ಹೆಪ್ಪು ಕೇಳಿಕೊಂಡು ಮೂರನೆಯ ಮನೆಯ ನೀಲಾಂಬಿಕೆ ಬಂದಳು. ಅರಕಲಗೂಡಿನಲ್ಲಿ ನರ್ಸ್ ಆಗಿ ಕೂದಲು ನರೆತವಳು. ಮಂಚದ ಕಡೆ ನೋಡಿ ನಕ್ಕಳು.

"ಏನ್ ದೊಡ್ಡಮ್ಮ, ಯಾರ್ದು ಮದ್ವೆ?"

"ಮದ್ವೆ ಅಲ್ಲ ಕಣೆ ನೀಲಾ, ಇಂಟ್ರೂ!"

ನೀಲಾಂಬಿಕೆ ನಗು ನಿಲ್ಲಿಸಿ ಅನುಶ್ರೀಯ ಕಡೆ ತಿರುಗಿದಳು. "ಅನು, ಚನ್ನರಾಯಪಟ್ಣದ ಇಂಟರ್‌ವ್ಯೂಗೂ ಹಿಂಗೇ ಹೋಗಿದ್ಯೇನೆ?"

ಅನುಶ್ರೀ ನೆಲ ನೋಡಿದಳು. ಅಂದು ನಡೆದದ್ದನ್ನು ಅವಳು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಈಗ ಒಂದೊಂದೇ ಮಾತು ಹೊರಬಿತ್ತು. "ಹೂಂ ನೀಲಕ್ಕ. ವಾರ್ಡಿಗೆ ಕರ್ಕೊಂಡು ಹೋದ್ರು. ನನ್ನ ಹೀಲ್ಸ್ ಸದ್ದಿಗೆ ಮಲಗಿದ್ದೋರೆಲ್ಲ ಕಣ್ ಬಿಟ್ರು. ಒಬ್ರನ್ನ ಎತ್ತಿ ಕೂರ್ಸು ಅಂದ್ರು. ಬಗ್ಗಿದ್ ತಕ್ಷಣ ಸೆರಗು ಅವ್ರ ಮುಖದ ಮೇಲೆ ಬಿತ್ತು. ಬಳೆ ಒಡೆದು ಅವ್ರ ತೋಳಿಗೇ ಗೀರ್ತು. ಆಸ್ಪತ್ರೆಯೋರು ಏನೂ ಅನ್ನಲಿಲ್ಲ. ಆದ್ರೆ ಆಮೇಲೆ ಕರೀಲೂ ಇಲ್ಲ."

"ಅಯ್ಯೋ, ನಾನು ದೃಷ್ಟಿ ಅಂದ್ಕಂಡು ದಿನಾ ಮೆಣಸಿನಕಾಯಿ ಸುಟ್ಟಿವ್ನಲ್ಲೇ!" ಎಂದಳು ಲಕ್ಕಮ್ಮ. "ಅಂಗಂತ ಹಳೇ ಬಟ್ಟೇಲಿ ಕಳಿಸಕ್ಕಾಯ್ತದಾ? ಹಳೇಕೋಟೆಯೋರಿಗೆ ಗತಿ ಇಲ್ಲ ಅನ್ಕಳಲ್ವಾ?"

"ಓದುವಾಗ ಹಾಕ್ತಿದ್ದ ಕಪ್ಪು ಶೂ ಎಲ್ಲಿ ಅನು?" ನೀಲಾಂಬಿಕೆ ಕೇಳಿದಳು.

ಅನುಶ್ರೀ ಕೊಟ್ಟಿಗೆಯ ಕಡೆ ಕೈ ತೋರಿಸಿದಳು. ಲಕ್ಕಮ್ಮ ತಡೆದಳು. "ಆಸ್ಪತ್ರೆ ಶೂ ಕಣೆ ಅವು! ಎಷ್ಟ್ ಸಾವು ಕಂಡವೋ. ವಳಿಕ್ ತರ್ಬ್ಯಾಡ ಅಂತ ನಾನೇ ಅಲ್ಲಿ ಮಡ್ಗ್ಸಿವ್ನಿ."

"ಎಷ್ಟ್ ಹೆರಿಗೆ ಕಂಡವೆ ಅಂತ ಯಾಕ್ ಕೇಳ್ಲಿಲ್ಲ ದೊಡ್ಡಮ್ಮ?"

ಆ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಕಾಲು ಚಾಚಿ ಕೂತು ಕೂಸಿಗೆ ನೀರು ಹಾಕುವವಳು ಲಕ್ಕಮ್ಮನೇ. ನೀಲಾಂಬಿಕೆಗೆ ಅದು ಗೊತ್ತಿತ್ತು.

"ಒಂದ್ ಮಾತು ಕೇಳ್ತೀನಿ. ಕೂಸಿಗೆ ನೀರು ಹಾಕೋಕೆ ಮುಂಚೆ ಉಂಗುರ ಯಾಕೆ ಬಿಚ್ಚಿಡ್ತೀರಿ?"

"ಇದೊಳ್ಳೆ ಕೇಳ್ದೆ! ಎಳೇ ಮೈ ಕಣೆ, ಗೀರ್ಬುಡ್ತದೆ."

"ಬಳೆ?"

"ಮೊಣಕೈಗೆ ಏರಿಸ್ಕತೀನಿ."

"ರೇಷ್ಮೆ ಸೀರೆ ಉಟ್ಕೊಂಡು ಕೂರಲ್ವಾ?"

"ನಿಂಗೇನ್ ತಲೆ ಕೆಟ್ಟದಾ? ಜರಿ ಚುಚ್ಚಲ್ವಾ ಕೂಸಿಗೆ? ಒಗ್ದೊಗ್ದು ಮೆತ್ಗಾಗಿರಾದ್ನೇ..."

ಅರ್ಧ ಮಾತಿಗೇ ಲಕ್ಕಮ್ಮ ನಿಂತಳು. ಮಂಚದ ಮೇಲಿನ ಸೀರೆ ನೋಡಿದಳು. ಬಳೆ ನೋಡಿದಳು. ಆಮೇಲೆ ಜಗುಲಿಯ ಕಡೆ ತಿರುಗಿ, "ಲೇ ತಿಮ್ಮ, ಕೊಟ್ಟಿಗೇಲಿ ಆ ಶೂ ಐತಲ್ಲ, ಎತ್ಕಂಡ್ ಬಾರ್ಲಾ," ಎಂದಳು.

ತಿಮ್ಮಪ್ಪ ಶೂ ಒರೆಸಿ ತಂದ. ಅಟ್ಟೆ ಒಂದು ಕಡೆ ಬಾಯಿ ಬಿಟ್ಟಿತ್ತು. ಮರುದಿನ ಹೊಲಿಸಿ, ಪಾಲಿಶ್ ಹಾಕಿಸಿದ. ಅನುಶ್ರೀ ಅದನ್ನು ಹಾಕಿಕೊಂಡು ಅಂಗಳದಲ್ಲೆಲ್ಲ ಓಡಾಡಿದಳು. ಕಾಲಿಗೆ ಒಗ್ಗಿದ ಶೂ, ಎಲ್ಲೂ ಕಚ್ಚಲಿಲ್ಲ, ಸದ್ದೂ ಮಾಡಲಿಲ್ಲ. ಮತ್ತೆ ಬಂದಿದ್ದ ನೀಲಾಂಬಿಕೆಯೂ ಲಕ್ಕಮ್ಮನೂ ಸೇರಿ ತಿಳಿನೀಲಿ ಬಣ್ಣದ ಹತ್ತಿಯ ಚೂಡಿದಾರ ಆರಿಸಿದರು. ಎರಡು ವರ್ಷದ ಹಳೆಯದು, ಆದರೆ ಬಣ್ಣ ಹೋಗಿರಲಿಲ್ಲ, ಬಿಗಿಯೂ ಇರಲಿಲ್ಲ.

"ಇಸ್ತ್ರಿ ಮಾಡಿದ್ರೆ ಸಾಲದು," ಎಂದಳು ನೀಲಾಂಬಿಕೆ. "ಬಗ್ಗು, ಕೈ ಎತ್ತು, ಕೂತು ಏಳು. ಎಲ್ಲಾದ್ರೂ ಎಳೀತದಾ ನೋಡು."

"ತಡಿ, ನಾನೇ ಪೇಷಂಟು!" ಎಂದು ಲಕ್ಕಮ್ಮ ಮಂಚದ ಮೇಲೆ ಮಲಗಿಬಿಟ್ಟಳು. "ಎತ್ತು ನೋಡಾಣ."

ಅನುಶ್ರೀ ಬಗ್ಗಿದಳು. ದುಪಟ್ಟ ಜಾರಿ ಅಜ್ಜಿಯ ಮುಖದ ಮೇಲೆ ಬಿತ್ತು. "ಅಯ್ಯಪ್ಪಾ, ಜೀವ ಇರಂಗೇ ಮುಸುಕು ಹಾಕ್ಬುಟ್ಲು!" ಎಂದು ಲಕ್ಕಮ್ಮ ಕೂಗಿದಳು. ಅನುಶ್ರೀ ಬಹಳ ದಿನಗಳ ಮೇಲೆ ಗಟ್ಟಿಯಾಗಿ ನಕ್ಕಳು. ದುಪಟ್ಟಕ್ಕೆ ಎರಡೂ ಭುಜದಲ್ಲಿ ಪಿನ್ ಬಿತ್ತು, ತುದಿಗಳು ಹಿಂದೆ ಗಂಟಾದವು. ಉಗುರು ಕತ್ತರಿಸಿ, ಬಣ್ಣ ಅಳಿಸಿದಳು. ಜಡೆ ತುರುಬಾಯಿತು. ಕಿವಿಗೆ ಸಣ್ಣ ಓಲೆ, ಕೈಗೆ ಸೆಕೆಂಡ್ ಮುಳ್ಳಿನ ವಾಚು ಮಾತ್ರ ಉಳಿಯಿತು.

ಸೋಮವಾರ ಲಕ್ಕಮ್ಮ ಮಲ್ಲಿಗೆ ತಂದು, ಮೊಮ್ಮಗಳ ತುರುಬಿನ ತನಕ ಕೈ ಒಯ್ದು, ಮತ್ತೆ ದೇವರ ಪಟಕ್ಕೆ ಮುಡಿಸಿದಳು. ಅರಿಸಿನ ಮಾತ್ರ ಬಿಡಲಿಲ್ಲ. ಚೂಡಿದಾರದ ಅಂಚನ್ನು ತಿರುವಿ, ಯಾರಿಗೂ ಕಾಣದಂತೆ ಒಳಮಗ್ಗುಲಿಗೆ ಒಂದು ಬೊಟ್ಟು ಮುಟ್ಟಿಸಿದಳು. ಬಸ್ಸಿನ ತುಳಿತಕ್ಕೆ ಶೂ ಹಾಳಾಗದಿರಲೆಂದು ಅನುಶ್ರೀ ಅದನ್ನು ಚೀಲದಲ್ಲಿಟ್ಟು, ಚಪ್ಪಲಿ ಮೆಟ್ಟಿ ಹೊರಟು, ಹಾಸನದ ಬಸ್ ನಿಲ್ದಾಣದಲ್ಲಿ ಶೂ ಹಾಕಿಕೊಂಡಳು.

ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಮೊದಲು ಪ್ರಶ್ನೆ ಕೇಳಿದರು. ಗೊತ್ತಿದ್ದುದಕ್ಕೆ ಉತ್ತರ ಹೇಳಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಳು. ಆಮೇಲೆ ವಾರ್ಡು. ಈ ಸಲ ಅವಳ ನಡಿಗೆಗೆ ಯಾರೂ ಕಣ್ಣು ಬಿಡಲಿಲ್ಲ. ಒಬ್ಬ ಮುದುಕಿಯನ್ನು ಎತ್ತಿ ಕೂರಿಸಲು ಹೇಳಿದರು. ಅಜ್ಜಿಯನ್ನು ಎತ್ತಿದ ಹಾಗೆಯೇ ಎತ್ತಿದಳು. ಬಟ್ಟೆಯ ಮೇಲೆ ಗಮನವೇ ಹೋಗಲಿಲ್ಲ. ಗಮನವೆಲ್ಲ ಆ ಮುದುಕಿಯ ಮೇಲೆಯೇ ಇತ್ತು.

"ಒಂದನೇ ತಾರೀಕಿಂದ ಬರ್ತೀಯಾ?" ಎಂದರು ಮೇಟ್ರನ್.

ಸಂಜೆ ಮನೆಗೆ ಬಂದು ಸುದ್ದಿ ಹೇಳಿದಳು. ತಿಮ್ಮಪ್ಪ ಸೀರೆ ಅಂಗಡಿಯವನಿಗೆ ಫೋನ್ ಮಾಡಲು ಎದ್ದ. ಅನುಶ್ರೀ ಅಭ್ಯಾಸದಂತೆ ಚೀಲದಿಂದ ಶೂ ತೆಗೆದು ಕೊಟ್ಟಿಗೆಯ ಕಡೆ ನಡೆದಳು.

"ಅಲ್ಲೆಲ್ಲಿಗೆ ತಗಂಡೋಯ್ತೀಯೆ?" ಲಕ್ಕಮ್ಮ ಗದರಿದಳು. "ಬಾಗ್ಲ ಒಳಗ್ ಮಡ್ಗು. ಅನ್ನ ಕೊಡೋ ಶೂ ಅದು."

ನರ್ಸ್ ಕೆಲಸದ ಇಂಟರ್‌ವ್ಯೂಗೆ ಹೊರಟಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಬಟ್ಟೆಯೊಂದೇ ಕೆಲಸ ಕೊಡಿಸದು. ಆದರೆ ನೀವು ಕಲಿತದ್ದಕ್ಕೆ ಅದು ಅಡ್ಡ ಬರಬಾರದು. ಸಾಲ ಮಾಡಿ ಹೊಸದು ಕೊಳ್ಳಬೇಡಿ. ಶುಭ್ರವಾದ, ತಿಳಿ ಬಣ್ಣದ, ಬಗ್ಗಲು ಬರುವ ಬಟ್ಟೆ, ಬೆರಳು ಮುಚ್ಚುವ, ಹಿಮ್ಮಡಿ ತಗ್ಗಾದ, ಕಾಲಿಗೆ ಒಗ್ಗಿದ ಶೂ ಇದ್ದರೆ ಸಾಕು. ಹೊರಡುವ ಮುನ್ನ ಮನೆಯವರೊಬ್ಬರನ್ನು ಮಂಚದ ಮೇಲೆ ಮಲಗಿಸಿ, ಎತ್ತಿ ಕೂರಿಸಿ ನೋಡಿ. ಅವರಿಗೆ ಎಲ್ಲೂ ಗೀರದಿದ್ದರೆ, ಚುಚ್ಚದಿದ್ದರೆ, ಧೈರ್ಯವಾಗಿ ಬಸ್ಸು ಹತ್ತಿ.