ಅದು ಕೊಬ್ಬರಿಯ ವಾಸನೆಯಲ್ಲ

ಕರೆಂಟು ಮಂಕಾಗುವುದು ಯಾರಿಗೆ ಹೊಸದು? ತಿಪಟೂರಿನಲ್ಲಿ ಉಗ್ರಪ್ಪನ ಕಟ್ಟಡದೊಳಗೆ ಅದು ದಿನವೂ ಇದ್ದದ್ದೇ. ಕೆಳಗೆ ಅಂಜನಪ್ಪ ಹಿಟ್ಟಿನ ಗಿರಣಿಯ ಮೋಟಾರು ಹಾಕಿದನೆಂದರೆ ಮೇಲಿನ ಮಹಡಿಯ ಬಲ್ಬು ಕೆಂಪಗಾಗಿ, ಹೋಗಲೋ ಇರಲೋ ಎಂದು ಒದ್ದಾಡಿ, ಮತ್ತೆ ಹತ್ತಿಕೊಳ್ಳುತ್ತಿತ್ತು. ಮೇಲೆ ಹೊಲಿಗೆ ಕಲಿಯುವ ಹೆಂಗಸರು ಅಷ್ಟು ಹೊತ್ತು ಮಿಷನ್ ತುಳಿಯುವ ಕಾಲನ್ನು ನಿಲ್ಲಿಸಿ, ಬೆಳಕು ಬಂದ ಮೇಲೆ ಮುಂದುವರಿಸುತ್ತಿದ್ದರು. ಅದೊಂದು ಕಾಯಿಲೆ ಎಂದು ಯಾರೂ ಅಂದುಕೊಂಡಿರಲಿಲ್ಲ.

ಕಟ್ಟಡದ ಮುಂದುಗಡೆ ಗಿರಣಿ, ಹಿಂದುಗಡೆ ಉಗ್ರಪ್ಪನ ಕೊಬ್ಬರಿ ಮಂಡಿ, ಮೇಲೆ ಮಹಿಳಾ ಮಂಡಳಿಯ ಹೊಲಿಗೆ ತರಗತಿ. ತರಗತಿ ನಡೆಸುವವಳು ಉಗ್ರಪ್ಪನ ತಮ್ಮನ ಹೆಂಡತಿ ಪುಟ್ಟಗಂಗಮ್ಮ. ಹೊನ್ನವಳ್ಳಿ, ನೊಣವಿನಕೆರೆ ಕಡೆಯಿಂದ ಬಸ್ಸಿನಲ್ಲಿ ಬಂದು ಹೆಂಗಸರು ಅವಳ ಬಳಿ ಕಲಿಯುತ್ತಿದ್ದರು. ಹತ್ತಲಿಕ್ಕೂ ಇಳಿಯಲಿಕ್ಕೂ ಇದ್ದದ್ದು ಒಂದೇ ಮರದ ಮೆಟ್ಟಿಲು. ಆ ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ ಇಡೀ ಕಟ್ಟಡದ ಸ್ವಿಚ್‌ಬೋರ್ಡು: ಗೋಡೆಗೆ ಹೊಡೆದ ಮರದ ಹಲಗೆ, ಅದರ ಮೇಲೆ ಕಬ್ಬಿಣದ ಪೆಟ್ಟಿಗೆ. ಅದರ ಉಸ್ತುವಾರಿ ಯಜಮಾನರದು ಎಂದು ಅಂಜನಪ್ಪ ಹೇಳುತ್ತಿದ್ದ. ಕರೆಂಟಿನವರದು ಎಂದು ಉಗ್ರಪ್ಪ ಹೇಳುತ್ತಿದ್ದ. ಇಬ್ಬರೂ ಸೇರಿ ಅದರ ಮುಂದೆ ಖಾಲಿ ಗೋಣಿಚೀಲ ಒಟ್ಟಿದ್ದರು.

ಆ ದಿನ ಮೆಟ್ಟಿಲು ಹತ್ತುತ್ತಿದ್ದ ಸಿದ್ದಮ್ಮ ನಡುವೆಯೇ ನಿಂತುಬಿಟ್ಟಳು.

ಸಿದ್ದಮ್ಮ ತರಗತಿಗೆ ಹೊಸಬಳು. ಅವಳ ಗಂಡ ಈರಣ್ಣ ಪಕ್ಕದ ಬೀದಿಯ ಒಂದು ತೆಂಗಿನ ನಾರಿನ ಗೋಡೌನಿನಲ್ಲಿ ಕೆಲಸಕ್ಕಿದ್ದ. ಹೋದ ಬೇಸಿಗೆಯಲ್ಲಿ ಅಲ್ಲಿ ಬೆಂಕಿ ಹತ್ತಿದಾಗ, ಉಂಡು ಒಳಗೆ ಅಡ್ಡಾಗಿದ್ದವನು ಹೊರಗೆ ಬರಲಿಲ್ಲ. ಅವಳು ಅತ್ತದ್ದನ್ನು ತರಗತಿಯಲ್ಲಿ ಯಾರೂ ಕಂಡಿರಲಿಲ್ಲ. ಬರುವಳು, ಹೊಲಿಯುವಳು, ಬಸ್ಸಿಗೆ ಹೋಗುವಳು. ಕೇಳಿದ್ದಕ್ಕಷ್ಟೇ ಉತ್ತರ.

ಏನೋ ಸುಟ್ಟ ವಾಸನೆ ಬರುತ್ತಿದೆ ಎಂದು ಅವಳು ಹೇಳಿದಾಗ ಪುಟ್ಟಗಂಗಮ್ಮನೂ ಬಂದು ಮೂಸಿ ನೋಡಿದಳು. ಮಂಡಿಯ ಕೊಬ್ಬರಿ ವಾಸನೆ, ಗಿರಣಿಯ ಬಿಸಿ ಹಿಟ್ಟಿನ ವಾಸನೆ. ಆ ಕಟ್ಟಡದಲ್ಲಿ ಬದುಕುವವರ ಮೂಗಿಗೆ ಅವೆರಡೂ ಅಂಟಿಕೊಂಡೇ ಇರುತ್ತವೆ. ಕೊಬ್ಬರಿ ಕಣೇ, ಬಾ ಮೇಲಕ್ಕೆ ಎಂದಳು.

ಸಿದ್ದಮ್ಮ ಕದಲಲಿಲ್ಲ. ಕಂಬಿ ಹಿಡಿದುಕೊಂಡೇ ಹೇಳಿದಳು:

"ನಮ್ಮೋರು ಹೋಗೋ ಹಿಂದಿನ ದಿನ ಬುತ್ತಿ ತಗಂಡು ಗೋಡೌನಿಗೆ ಹೋಗಿದ್ದೆ ಅಕ್ಕ. ಇದೇ ವಾಸ್ನೆ. ಏನದು ಅಂತ ಕೇಳ್ದೆ. ಕೊಬ್ರಿ ಕಣಮ್ಮ, ಪಕ್ಕದ ಮಂಡೀದು ಅಂದ್ರು. ಸುಮ್ನೆ ಮನೆಗೆ ಬಂದೆ."

ಪುಟ್ಟಗಂಗಮ್ಮ ಕೆಳಗಿಳಿದು ಮೆಟ್ಟಿಲ ಕೆಳಗೆ ಬಗ್ಗಿದಳು. ಚೀಲಗಳ ಹಿಂದಿನಿಂದ ಜೇನುಹುಳು ಗುಂಯ್‌ಗುಟ್ಟಿದಂಥ ಸದ್ದು. ಮುಖಕ್ಕೆ ಬಿಸಿ ತಾಗಿತು. ಕೋಪ ಏರಿತು. ಅವಳು ಕೂಗಾಡಲಿಲ್ಲ. ಮೇಲೆ ಹೋಗಿ, ಹೊಲಿಯುತ್ತಿದ್ದ ಬಟ್ಟೆಗಳನ್ನು ಹಾಗೇ ಬಿಡಿಸಿ, ಹೆಂಗಸರನ್ನೆಲ್ಲ ಇಳಿಸಿ ರಸ್ತೆಯಾಚೆಯ ಜಗಲಿಯ ಮೇಲೆ ಕೂರಿಸಿದಳು. ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಶಂಭುಲಿಂಗಯ್ಯನವರಿಗೆ ಹೇಳಿ ಕಳಿಸಿದಳು. ಆಮೇಲೆ ಗಿರಣಿಗೆ ಹೋಗಿ ಮೋಟಾರು ನಿಲ್ಲಿಸು ಎಂದಳು.

ಅಂಜನಪ್ಪ ರಾಗಿ ಸುರಿಯುತ್ತಲೇ, ಇನ್ನೆರಡು ಡಬ್ಬ ಐತೆ, ಬೀಸ್‌ಬುಟ್ಟು ನಿಲ್ಲಿಸ್ತೀನಿ ಎಂದ. ಪುಟ್ಟಗಂಗಮ್ಮ ಅವನ ಕೈಯಿಂದ ಡಬ್ಬ ಕಿತ್ತುಕೊಂಡು ನೆಲಕ್ಕಿಟ್ಟಳು. ಮೋಟಾರು ನಿಂತಿತು. ಹಿಟ್ಟಿಗೆ ಕಾದಿದ್ದವರು ಗೊಣಗಿದರು.

ಗಲಾಟೆ ಕೇಳಿ ಉಗ್ರಪ್ಪ ಮಂಡಿಯಿಂದ ಬಂದ. ಮನೆಯ ಸೊಸೆ ಹೆಂಗಸರನ್ನು ಬೀದಿಗೆ ತಂದು ಕೂರಿಸಿದ್ದು, ಅದೂ ಕೊಬ್ಬರಿ ಹರಾಜಿಗೆ ಊರೂರಿನವರು ಬರುವ ದಿನ, ಅವನಿಗೆ ಸಹಿಸಲಾಗಲಿಲ್ಲ.

"ಏನ್ ಗಂಗಮ್ಮ ಇದು, ಮರ್ಯಾದೆ ತೆಗೀತೀಯ? ಆ ಬೋರ್ಡಿಗೆ ಏನಾಗೈತೆ? ವರ್ಷಾ ವರ್ಷಾ ಆಯುಧಪೂಜೆಗೆ ತೊಳ್ಸಿ, ಬಣ್ಣ ಹೊಡ್ಸಿ, ಹೂವ ಹಾಕ್ತೀನಿ. ಇನ್ನೇನು ಮಾಡ್ಬೇಕು ಅದಕ್ಕೆ?"

"ಬಾಗಿಲು ತೆಗೆದು ಒಳಗೆ ನೋಡಿದ್ದೀರಾ ಭಾವ?"

"ನೋಡೋಕೆ ಅದೇನು ಬೀರುವೇನಮ್ಮ? ಕಟ್ಟಿಸ್ದಾಗಿಂದ ಉರೀತಾ ಐತೆ, ಉರೀತದೆ ಬುಡು."

ಪುಟ್ಟಗಂಗಮ್ಮ ಈರಣ್ಣನ ಮಾತೆತ್ತಿದಳು. ಉಗ್ರಪ್ಪ ದನಿ ತಗ್ಗಿಸಿ, ಅದು ಅವನ ಹಣೆಬರಹ, ಟೈಮು ಬಂದಿತ್ತು ಹೋದ ಎಂದ. ಸಿದ್ದಮ್ಮ ಜಗಲಿಯ ಮೇಲಿಂದ ಎದ್ದು ಇವರ ಹಿಂದೆಯೇ ಬಂದು ನಿಂತಿದ್ದನ್ನು ಅವನು ನೋಡಿರಲಿಲ್ಲ.

ಮದುವೆಯಾಗಿ ಬಂದಂದಿನಿಂದ ಪುಟ್ಟಗಂಗಮ್ಮ ಭಾವನ ಎದುರು ತಲೆಯೆತ್ತಿ ಮಾತಾಡಿದವಳಲ್ಲ. ಅಂದು ಆಡಿದಳು.

"ಹಣೆಬರಹ ಅನ್ನಬೇಡಿ. ಇವಳ ಮುಂದೆ ಅನ್ನಲೇಬೇಡಿ. ತೆಂಗಿಗೆ ನುಸಿ ಬಿದ್ರೆ ಹಣೆಬರಹ ಅಂತ ಕೂತ್ಕೊತೀರಾ? ಮರ ಹತ್ತಿಸಿ ಗೊನೆ ನೋಡಿಸ್ತೀರಿ. ಜನ ಓಡಾಡೋ ಕಡೆ ಇರೋ ಪೆಟ್ಟಿಗೆ ತೆಗೆದು ನೋಡೋಕೆ ಮಾತ್ರ ನಿಮಗೆ ಪುರುಸೊತ್ತಿಲ್ಲ. ಸತ್ತ ಮೇಲೆ ಹಣೆಬರಹ."

ಉಗ್ರಪ್ಪ ತಿರುಗಿ ಸಿದ್ದಮ್ಮನನ್ನು ಕಂಡ.

ಅಷ್ಟರಲ್ಲಿ ಶಂಭುಲಿಂಗಯ್ಯ ಬಂದರು. ಅವರು ಸರ್ಕಾರದ ಪರವಾನಗಿ ಪಡೆದ ಕಂಟ್ರಾಕ್ಟರು, ಉಗ್ರಪ್ಪನ ಹಳೆಯ ಸ್ನೇಹಿತರು ಕೂಡ. ಬರುವಾಗಲೇ ವಿದ್ಯುತ್ ಮಂಡಳಿಯ ಲೈನ್‌ಮನ್ ಒಬ್ಬರನ್ನು ಜೊತೆಗೆ ಕರೆತಂದಿದ್ದರು. ಮೆಯಿನ್ ಸ್ವಿಚ್ ಆಫ್ ಮಾಡಿದರೆ ಸಾಲದೇ ಎಂದು ಅಂಜನಪ್ಪ ಕೇಳಿದ್ದಕ್ಕೆ ಶಂಭುಲಿಂಗಯ್ಯ ರೇಗಿದರು. ಸ್ವಿಚ್ಚು ಇಳಿಸಿದರೂ ಕಂಬದಿಂದ ಪೆಟ್ಟಿಗೆಗೆ ಬರುವ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ, ಇಷ್ಟು ತಿಳಿಯದೆ ಕೈ ಹಾಕಿ ಹೋದವರು ಎಷ್ಟು ಜನ ಬೇಕು ಎಂದರು. ಲೈನ್‌ಮನ್ ಕಂಬದಲ್ಲೇ ಫ್ಯೂಸು ಕಿತ್ತ ಮೇಲೆ, ಶಂಭುಲಿಂಗಯ್ಯ ಟೆಸ್ಟರ್ ಇಟ್ಟು ನೋಡಿ, ಆಮೇಲೆ ಪೆಟ್ಟಿಗೆಗೆ ಕೈ ಹಾಕಿದರು.

ಬಾಗಿಲು ಬರಲಿಲ್ಲ. ವರ್ಷ ವರ್ಷ ಬಳಿದ ಬಣ್ಣ ಅದನ್ನು ಮೊಹರು ಹಾಕಿದಂತೆ ಮುಚ್ಚಿತ್ತು. ಉಳಿಯಿಂದ ಬಣ್ಣ ಕೆತ್ತಿ ಬಾಗಿಲು ಎಬ್ಬಿಸಬೇಕಾಯಿತು.

ಒಳಗೆ ಹಿಟ್ಟಿನ ದೂಳೂ ಗೋಣಿನಾರಿನ ದೂಳೂ ಸೇರಿ ರೊಟ್ಟಿಯಂತೆ ಕಟ್ಟಿಕೊಂಡಿತ್ತು. ಪೂಜೆಯ ದಿನ ಎರಚಿದ ನೀರು ಇಳಿದು ತುಕ್ಕು ಹಿಡಿದಿತ್ತು. ತಂತಿಯ ಕೆಂಪು ರಬ್ಬರು ಕಪ್ಪಗೆ ಸಿಡಿದು, ಹಿಂದಿನ ಹಲಗೆ ಇದ್ದಿಲಾಗಿತ್ತು. ಅದರ ಮೇಲೆ ಸರಿಯಾಗಿ ಮೆಟ್ಟಿಲಿನ ಹಲಗೆ; ಅದರ ತಳಕ್ಕೂ ಮಸಿ ಏರಿತ್ತು.

ಶಂಭುಲಿಂಗಯ್ಯ ಪಿಂಗಾಣಿಯ ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದರು. ತೆಳುವಾದ ಫ್ಯೂಸ್ ತಂತಿ ಇರಬೇಕಾದ ಕಡೆ ತೆಂಗಿನ ನಾರಿನ ಪಿಂಡಿ ಬಿಗಿಯುವ ದಪ್ಪ ಕಬ್ಬಿಣದ ತಂತಿ.

"ಯಾರ್ಲಾ ಇದನ್ನ ಹಾಕಿದ್ದು?"

ಅಂಜನಪ್ಪ ನೆಲ ನೋಡಿದ. ಫ್ಯೂಸು ಪದೇಪದೇ ಹೋಗಿ ಬೀಸುವ ಕೆಲಸ ನಿಲ್ಲುತ್ತಿತ್ತು, ಇದನ್ನು ಹಾಕಿದ ಮೇಲೆ ಒಂದು ಸಲವೂ ಹೋಗಿಲ್ಲ ಎಂದ.

"ಹೋಗಲ್ಲ ಕಣಪ್ಪ, ಇದು ಹೋಗಲ್ಲ. ಜನ ಹೋಗ್ತಾರೆ. ಫ್ಯೂಸು ಹೋಗೋದು ನಿನ್ನ ಕೆಲಸ ಕೆಡಿಸೋಕಲ್ಲ, ಎಲ್ಲೋ ತಪ್ಪಾಗೈತೆ ಅಂತ ಹೇಳೋಕೆ. ನೀನು ಅದರ ಬಾಯಿ ಕಟ್ಟಿದೀಯ."

ಉಗ್ರಪ್ಪ ಮೆಟ್ಟಿಲ ತಳಕ್ಕೆ ಕೈ ಚಾಚಿ ಮಸಿ ಮುಟ್ಟಿದ. ಬೆರಳು ನೋಡಿಕೊಂಡ. ಕಾಯಿಲೆಯ ಮೂಲ ಯಾವುದು ಎಂದು ಸಣ್ಣ ದನಿಯಲ್ಲಿ ಕೇಳಿದ. ಶಂಭುಲಿಂಗಯ್ಯ ಸ್ಕ್ರೂಡ್ರೈವರ್ ಇಟ್ಟು ತೋರಿಸಿದರು: ಕಂಬದ ತಂತಿ ಬಂದು ಸೇರುವ ಕಡೆಯ ಸ್ಕ್ರೂ ಸಡಿಲವಾಗಿತ್ತು. ತಂತಿ ಕಾದಾಗ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ, ಗಿರಣಿ ಅದುರುತ್ತದೆ. ಯಾರೂ ಮುಟ್ಟದಿದ್ದರೂ ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಸಡಿಲವಾದ ಕಡೆ ಕಿಡಿ, ಕಿಡಿಯ ಪಕ್ಕ ದೂಳು, ದೂಳಿನ ಪಕ್ಕ ಗೋಣಿಚೀಲ.

ಸಿದ್ದಮ್ಮ ಮುಂದೆ ಬಂದು ಆ ಸ್ಕ್ರೂವನ್ನು ಬಗ್ಗಿ ನೋಡಿದಳು.

"ಇದನ್ನ ಬಿಗಿ ಮಾಡೋಕೆ ಎಷ್ಟು ಹೊತ್ತು ಬೇಕು ಸ್ವಾಮಿ?"

ಶಂಭುಲಿಂಗಯ್ಯ ಹೇಳಿದರು. "ಈಗ ಇದು ಸುಟ್ಟೋಗೈತೆ ತಾಯಿ, ಎಲ್ಲಾ ಹೊಸದು ಹಾಕ್ಬೇಕು. ಸುಡೋಕೆ ಮುಂಚೆ ನೋಡಿದ್ರೆ, ಒಂದು ಎಲೆ ಅಡಿಕೆ ಹಾಕ್ಕೊಳ್ಳೋ ಹೊತ್ತು."

"ಅಷ್ಟೇನಾ" ಎಂದಳು ಸಿದ್ದಮ್ಮ. ಅಲ್ಲಿದ್ದ ಗಂಡಸರು ಯಾರಿಗೂ ಅವಳ ಮುಖ ನೋಡಲಾಗಲಿಲ್ಲ.

ಹೊಸ ಬೋರ್ಡು ಬರುವವರೆಗೆ ಗಿರಣಿಯೂ ಮಂಡಿಯೂ ಮುಚ್ಚಿದವು. ಉಗ್ರಪ್ಪ ಚೀಲಗಳನ್ನು ತಾನೇ ಹೊತ್ತು ಹೊರಗೆ ಹಾಕಿದ. ಈ ಸಲ ಬೋರ್ಡು ಮೆಟ್ಟಿಲ ಕೆಳಗಲ್ಲ, ಹೊರಗೋಡೆಯ ಬೆಳಕಿನಲ್ಲಿ, ಮಳೆ ತಾಗದ ಕಡೆ ಕೂತಿತು. ಮನೆಯವರೆಲ್ಲ ಕೂತು ಮಾತಾಡಿದರು: ಆಯುಧಪೂಜೆಗೆ ಮುಂಚೆ ಒಮ್ಮೆ, ಯುಗಾದಿಯ ಹೊತ್ತಿಗೆ ಒಮ್ಮೆ, ಕರೆಂಟು ನಿಲ್ಲಿಸಿ ಶಂಭುಲಿಂಗಯ್ಯನವರ ಕೈಯಲ್ಲಿ ಬಾಗಿಲು ತೆಗೆಸುವುದು. ಹೂವು ಆಮೇಲೆ.

ಇದನ್ನು ಓದುವ ಅಂಗಡಿಯವರೇ, ಮಂಡಿಯವರೇ, ಗಿರಣಿಯವರೇ, ಬಾಡಿಗೆಗೆ ಕಟ್ಟಡ ಕೊಟ್ಟವರೇ, ನಿಮ್ಮ ಬೋರ್ಡಿನ ಬಾಗಿಲು ಕೊನೆಯ ಸಲ ತೆಗೆದದ್ದು ಯಾವಾಗ? ನೆನಪಿಲ್ಲದಿದ್ದರೆ ಇವತ್ತೇ ಪರವಾನಗಿ ಇರುವ ಕೆಲಸಗಾರನನ್ನು ಕರೆಸಿ. ನೀವೇ ತೆಗೆಯಲು ಹೋಗಬೇಡಿ, ಬೋರ್ಡಿಗೆ ನೀರು ತಾಗಿಸಬೇಡಿ. ದೂಳು ತೆಗೆಸಿ, ಸ್ಕ್ರೂ ಬಿಗಿ ಮಾಡಿಸಿ, ಅಳತೆಗೆ ತಕ್ಕ ಫ್ಯೂಸ್ ತಂತಿಯನ್ನೇ ಹಾಕಿಸಿ. ತೆಂಗಿನ ಬುಡಕ್ಕೆ ನೀರು ಕಟ್ಟುವ ನೀವು ಬೇಸಿಗೆಯಲ್ಲಿ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿಗೂ ಒಂದು ಕೊಡ ನೀರು ಹಾಕಿ. ಬೋರ್ಡಿನ ಮುಂದೆ ಏನನ್ನೂ ಒಟ್ಟಬೇಡಿ. ಬಲ್ಬು ಮಂಕಾದರೆ, ಪೆಟ್ಟಿಗೆ ಗುಂಯ್‌ಗುಟ್ಟಿದರೆ, ಸುಟ್ಟ ವಾಸನೆ ಬಂದರೆ, ಜನರನ್ನು ಹೊರಗೆ ಕಳಿಸಿ, ಆಮೇಲೆ ಮಾತಾಡಿ.

ಇಷ್ಟನ್ನೂ ಮಾಡದೆ, ಬೆಂಕಿ ಆರಿದ ಮೇಲೆ ಒಬ್ಬ ಹೆಂಗಸಿನ ಮನೆಗೆ ಹೋಗಿ ಹಣೆಬರಹ ಎಂದು ಹೇಳಬೇಡಿ. ಅವಳು ನಿಮಗೆ ಎದುರು ಹೇಳುವುದಿಲ್ಲ. ನಿಮ್ಮ ಮಾತನ್ನು ನಂಬುವುದೂ ಇಲ್ಲ.